ಕೋಸ್ತಿ ಯೂಜಿನ್ ಬಾಬ್ ಮತ್ತು ಬಳಗದ ಶಾಲು

ಕುವೈತಿನಲ್ಲಿರುವ ನಮ್ಮ ಕರಾವಳಿಯವರು ಊರಿನ ಜಾತಿಗಳನ್ನೆಲ್ಲ ಜೋಪಾನವಾಗಿ ಕಟ್ಟಿಕೊಂಡು ಬಂದಿದ್ದಾರೆ. ಅದು ಸಾಲದೆಂದು ಇಲ್ಲಿ ಹೊಸದೊಂದು ಜಾತಿಪದ್ಧತಿಯನ್ನೂ ಬೆಳೆಸಿಕೊಂಡಿದ್ದಾರೆ. ಅದು ಹುಟ್ಟಿದ್ದು ತೊಂಬತ್ತರ ಆಗಸ್ಟಿನಲ್ಲಿ. ಇರಾಕಿನ ಸೈನ್ಯ ನುಗ್ಗಿದಾಗ ನೀವು ಎಲ್ಲಿದ್ದಿರಿ ಎಂಬುದರ ಮೇಲೆ ನಿಮ್ಮ ಸ್ಥಾನ ನಿರ್ಧಾರವಾಗುತ್ತದೆ. ಯುದ್ಧ ಮುಗಿಯುವ ತನಕ ಕುವೈತಿನಲ್ಲೇ ಅಡಗಿ ಕೂತವರು ಎಲ್ಲರಿಗಿಂತ ಮೇಲು. ಅವರು ಮದುವೆ ಆರತಕ್ಷತೆಗೆ ಬಂದರೆ ಮುಂದಿನ ಸಾಲಿನ ಕುರ್ಚಿ ತಾನಾಗಿ ಖಾಲಿಯಾಗುತ್ತದೆ. ಬಸ್ಸಿನಲ್ಲಿ ಬಾಗ್ದಾದ್ ದಾಟಿ, ಜೋರ್ಡಾನಿನ ಗಡಿಯ ಡೇರೆಗಳಲ್ಲಿ ಒಣಗಿ, ಅಮ್ಮಾನಿನಿಂದ ವಿಮಾನ ಹತ್ತಿದವರು ಅವರ ನಂತರ. ಆ ಆಗಸ್ಟಿನಲ್ಲಿ ರಜೆಗೆಂದು ಊರಿಗೆ ಹೋಗಿ ಹಲಸಿನ ಹಪ್ಪಳ ತಿನ್ನುತ್ತಿದ್ದವರು ಕಟ್ಟಕಡೆ. ನನ್ನ ಗಂಡ ತನಿಯಪ್ಪ ಈ ಹಪ್ಪಳದ ಪಂಗಡದವರು. ನಾನು ಆಶಾಲತಾ, ಮದುವೆಯಾಗಿ ತೊಂಬತ್ನಾಲ್ಕರಲ್ಲಿ ಇಲ್ಲಿಗೆ ಬಂದವಳು. ಹಾಗಾಗಿ ನನಗೆ ಜಾತಿಯೇ ಇಲ್ಲ, ಬಾಯಿ ಮಾತ್ರ ಇದೆ.

ಈ ಯಾವ ಪಂಗಡಕ್ಕೂ ಸೇರದ ಒಬ್ಬರೇ ಒಬ್ಬರು ಯೂಜಿನ್ ಬಾಬ್. ರಿಗ್ಗೈಯಲ್ಲಿ ನಮ್ಮ ಎದುರು ಫ್ಲ್ಯಾಟಿನವರು, ಕೊಂಕಣಿ ಕ್ರೈಸ್ತರು, ಮೂಲ್ಕಿಯ ಕಡೆಯವರು; ಅವರಲ್ಲಿ ಬಾಬ್, ಬಾಯಿ ಎಂದರೆ ನಮ್ಮ ಅಣ್ಣ, ಅಕ್ಕ ಎಂದ ಹಾಗೆ. ಕುವೈತಿಗೆ ಕುವೈತೇ ಹೊತ್ತಿ ಉರಿಯುತ್ತಿದ್ದಾಗ ಅವರು ಆಫ್ರಿಕಾದ ನಡುಮಧ್ಯೆ, ಒಂದು ನದಿಯ ದಡದಲ್ಲಿ, ಹುರಿದ ಮೀನು ತಿನ್ನುತ್ತಿದ್ದರು. ಇದು ನಾನು ಕಟ್ಟಿದ ಕಥೆಯಲ್ಲ. ಅವರೇ ನಮಗೆ ಊಟದ ಮೇಜಿನಲ್ಲಿ, ಲಿಫ್ಟಿನಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ, ಒಂದು ಸಲ ಸಾವಿನ ಮನೆಯಲ್ಲಿ ಹೆಣದ ಪಕ್ಕದಲ್ಲೂ ಹೇಳಿದ್ದಾರೆ. ಮೀನಿನ ಗಾತ್ರ ತೋರಿಸಲು ಅವರು ಕೈ ಅಗಲಿಸಿದರೆ ಪಕ್ಕದಲ್ಲಿದ್ದವರು ತಲೆ ತಗ್ಗಿಸಬೇಕು. ವರ್ಷ ಕಳೆದಂತೆ ಆ ಮೀನು ಬೆಳೆಯುತ್ತಲೇ ಇದೆ.

ಆ ಊರಿನ ಹೆಸರು ಕೋಸ್ತಿ. ಸುಡಾನಿನಲ್ಲಿದೆ. ಬಿಳಿ ನೈಲ್ ಎಂಬ ನದಿಯ ದಡದ ಬಂದರು. ಯೂಜಿನ್ ಬಾಬ್ ಕೆಲಸ ಮಾಡುತ್ತಿದ್ದ ಶುವೈಖಿನ ಕಂಪೆನಿಯ ಯಜಮಾನ, ಅಂದರೆ ಅವರ ಕಫೀಲ್, ಹಲ್ವಾ ಕಾರ್ಖಾನೆಗಳಿಗೆ ಎಳ್ಳು ಮಾರುವ ವ್ಯಾಪಾರಿ. ಎಂಬತ್ತೊಂಬತ್ತರಲ್ಲಿ ಆ ಮನುಷ್ಯ ಇವರನ್ನು ಕರೆದು, ಕೋಸ್ತಿಗೆ ಹೋಗಿ ಮೂರು ತಿಂಗಳು ಎಳ್ಳಿನ ಮೂಟೆಗಳ ಮೇಲ್ವಿಚಾರಣೆ ಮಾಡಿ ಬಾ, ಯಲ್ಲಾ ಎಂದ. ಕಫೀಲರ ಪಂಚಾಂಗದಲ್ಲಿ ಮೂರು ತಿಂಗಳೆಂದರೆ ಎರಡು ವರ್ಷಕ್ಕಿಂತ ಜಾಸ್ತಿ. ನದಿಯ ಮೇಲಿನ ಊರುಗಳಿಂದ ಬಾರ್ಜಿನಲ್ಲಿ ಎಳ್ಳು ಬರುವುದು, ಅದನ್ನು ಜೆಟ್ಟಿಯಲ್ಲಿ ಇಳಿಸಿ, ಮೂಟೆ ಎಣಿಸಿ, ಸಮುದ್ರದ ಬಂದರಿಗೆ ಹೋಗುವ ರೈಲಿಗೆ ತುಂಬಿಸುವುದು. ಬಾರ್ಜು ಬರುವುದು ದೇವರ ಇಚ್ಛೆ, ರೈಲು ಹೊರಡುವುದು ಅದಕ್ಕಿಂತ ದೊಡ್ಡ ದೇವರ ಇಚ್ಛೆ. ಹಾಗಾಗಿ ಯೂಜಿನ್ ಬಾಬ್ ಅಲ್ಲಿ ಮುಖ್ಯವಾಗಿ ಮಾಡಿದ ಕೆಲಸ ಕಾಯುವುದು. ಕಾಯುತ್ತಾ ಕೂತವರಿಗೆ ಕಥೆ ಹುಟ್ಟದೆ ಇನ್ನೇನು ಹುಟ್ಟುತ್ತದೆ?

ಅವರ ಬಾಯಿಂದ ಕೇಳಿ ಕೇಳಿ ನನಗೆ ಕೋಸ್ತಿ ಬಂಟ್ವಾಳದಷ್ಟೇ ಪರಿಚಯ. ಸುತ್ತಲೂ ಕಣ್ಣು ಹರಿಯುವಷ್ಟು ದೂರ ಹುಲ್ಲು, ನಡುನಡುವೆ ಮುಳ್ಳಿನ ಮರ. ಮಳೆ ಬಂದರೆ ಹಸಿರು, ಹೋದರೆ ಹಳದಿ. ಒಂದು ಹಡಗು ತನ್ನ ಮುಂದೆ ನಾಲ್ಕು ಬಾರ್ಜು ಕಟ್ಟಿಕೊಂಡು ಅವನ್ನು ನೂಕುತ್ತಾ ಬರುತ್ತದೆ. ನೀರಿನ ಮೇಲೆ ಗಿಡಗಳ ದ್ವೀಪಗಳೇ ತೇಲಿ ಹೋಗುತ್ತವೆ, ಅವುಗಳ ಮೇಲೆ ಬಿಳಿ ಹಕ್ಕಿ. ರೈಲಿಗೊಂದು ಉದ್ದದ ಸೇತುವೆ. ಜೆಟ್ಟಿಯ ಪಕ್ಕ ಕುಳ್ಳ ಮಣೆ ಹಾಕಿಕೊಂಡು ಹೆಂಗಸರು ಶುಂಠಿ ಹಾಕಿದ ಕಾಫಿ ಮಾರುತ್ತಾರೆ. ಇವೆಲ್ಲ ಸರಿ. ಆದರೆ "ಅದರೆದುರು ನಿಮ್ಮ ನೇತ್ರಾವತಿ ಒಂದು ಚರಂಡಿ" ಎಂದು ಅವರು ಹೇಳಿದ ದಿನ ನಾನು ಅವರಿಗೆ ಬಡಿಸುತ್ತಿದ್ದ ಕೋರಿರೊಟ್ಟಿಯ ತಟ್ಟೆಯನ್ನು ವಾಪಸು ಎತ್ತಿಕೊಂಡಿದ್ದೆ. ನಾನು ನೇತ್ರಾವತಿಯ ನೀರು ಕುಡಿದು ಬೆಳೆದವಳು.

ಇನ್ನು ಅವರ ಹೆಂಡತಿ ಲಿಜ್ಜಿ ಬಾಯಿ. ಸರಕಾರಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ. ದಿನವಿಡೀ ಜನರಿಗೆ "ಉಸಿರು ಹಿಡಿಯಿರಿ, ಅಲುಗಬೇಡಿ" ಎಂದು ಹೇಳಿ ಹೇಳಿ, ತಾನೂ ಮನೆಯಲ್ಲಿ ಹಾಗೆಯೇ ಇರಲು ಕಲಿತ ಹೆಂಗಸು. ಗಂಡ ಕೋಸ್ತಿಯಲ್ಲಿ ಎಳ್ಳು ಕಾಯುತ್ತಿದ್ದಾಗ ಲಿಜ್ಜಿ ಬಾಯಿ ಕುವೈತಿನಲ್ಲೇ ಇದ್ದರು, ಮಡಿಲಲ್ಲಿ ಇನ್ನೂ ನಡೆಯಲು ಬಾರದ ರಾನ್ಸನ್. ಸೈನ್ಯ ಬಂದ ಮೇಲೆ ಆ ಮಗುವನ್ನು ಎತ್ತಿಕೊಂಡು, ಒಬ್ಬರೇ, ಬಸ್ಸು ಹತ್ತಿ ಬಸ್ರಾ, ಬಾಗ್ದಾದ್, ಜೋರ್ಡಾನ್ ಗಡಿ ದಾಟಿ ಊರು ಸೇರಿದವರು ಅವರು. ಅಂದರೆ ನಮ್ಮ ಜಾತಿಪಟ್ಟಿಯಲ್ಲಿ ಅವರದು ಎರಡನೆಯ ಶ್ರೇಣಿ, ಅದರಲ್ಲೂ ಒಂಟಿ ಹೆಂಗಸೆಂದರೆ ಒಂದು ತೂಕ ಹೆಚ್ಚೇ. ಆದರೆ ಆ ಪ್ರಯಾಣದ ಬಗ್ಗೆ ನಮಗೆ ಗೊತ್ತಿದ್ದುದು ಇಷ್ಟೇ. ಏಕೆಂದರೆ ಅವರು ಬಾಯಿ ತೆರೆದಾಗಲೆಲ್ಲ ನಡುವೆ ನೈಲ್ ನದಿ ನುಗ್ಗಿ ಬರುತ್ತಿತ್ತು.

ಒಂದು ಕ್ರಿಸ್ಮಸ್ ರಾತ್ರಿಯ ಊಟದಲ್ಲಿ ನಾನೇ ಕೇಳಿದ್ದೆ. "ಲಿಜ್ಜಿ ಬಾಯಿ, ಆ ಬಸ್ಸಲ್ಲಿ ಹೋದದ್ದು ಹೇಗೆ? ಮಗುವಿಗೆ ಹಾಲು ಎಲ್ಲಿ ಸಿಕ್ತು?"

"ಬಸ್ರಾದಲ್ಲಿ ಬಸ್ಸು ನಿಲ್ಸಿದ್ರು ಆಶಾ," ಎಂದು ಅವರು ಶುರು ಮಾಡಿದರು. "ಅಲ್ಲಿ ಒಂದು ನಲ್ಲಿ ಉಂಟು..."

"ಬಸ್ರಾ ಎಂತದ್ದು ಮಾರಾಯ್ತಿ!" ಯೂಜಿನ್ ಬಾಬ್ ಹಂದಿಮಾಂಸದ ತುಂಡು ಬಾಯಲ್ಲಿಟ್ಟುಕೊಂಡೇ ಹೇಳಿದರು. "ಅಲ್ಲಿಯೂ ನದಿ ಉಂಟು ಅಂತಾರೆ. ಕೋಸ್ತಿಯ ನದಿ ನೋಡಿದವ ಅದನ್ನು ನದಿ ಅಂತ ಕರೀಲಿಕ್ಕಿಲ್ಲ. ಒಂದು ದಿನ ಎಂತ ಆಯ್ತು ಗೊತ್ತುಂಟಾ, ನೀರಾನೆ ಜೆಟ್ಟಿಗೇ ಬಂತು..."

"ಡ್ಯಾಡಾ, ನಾಟ್ ದ ಹಿಪ್ಪೋ ಅಗೇನ್," ಎಂದಳು ಮಗಳು ಶರ್ಲಿನ್. ಯುದ್ಧದ ನಂತರ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಲಿಜ್ಜಿ ಬಾಯಿ ಎದ್ದು ಇಡ್ಲಿಯಂಥ ಸಣ್ಣಾಸು ತರಲು ಒಳಗೆ ಹೋದರು. ಬಸ್ರಾದ ಆ ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ ಎಂದು ನಮಗೆ ತಿಳಿಯಲೇ ಇಲ್ಲ.

ಯೂಜಿನ್ ಬಾಬ್ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಕುಡಿದು ಗಲಾಟೆ ಮಾಡುವವರಲ್ಲ, ಇಲ್ಲಿ ರಜೆಯ ದಿನವಾದ ಶುಕ್ರವಾರದ ಚರ್ಚಿನ ಪೂಜೆ ತಪ್ಪಿಸಿದವರಲ್ಲ, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಓಡುವವರು ಅವರೇ. ಹೋಗಿ ರೋಗಿಯ ಪಕ್ಕ ಕೂತು ಕೋಸ್ತಿಯಲ್ಲಿ ಮಲೇರಿಯಾಕ್ಕೆ ಏನು ಮಾಡುತ್ತಾರೆಂದು ವಿವರಿಸುತ್ತಾರೆ, ರೋಗಿ ಬೇಗ ಗುಣವಾಗಿ ಮನೆಯಿಂದ ಹೊರಗೆ ಹೋಗುತ್ತಾನೆ. ಎಲ್ಲರೂ ತಮ್ಮ ತಮ್ಮ ಅಮ್ಮಾನಿನ ಕಥೆ ಹೇಳುವಾಗ ಒಬ್ಬ ಗಂಡಸು ಎಷ್ಟು ದಿನ ಸುಮ್ಮನೆ ಕೂರಬಲ್ಲ? ಅವರಿಗೆ ಇದ್ದುದು ಕೋಸ್ತಿಯೊಂದೇ. ಅದನ್ನೇ ಹಿಡಿದುಕೊಂಡರು. ನನಗೆ ಸಿಟ್ಟು ಬರುತ್ತಿದ್ದುದು ಅದಕ್ಕಲ್ಲ. ಹೆಂಡತಿಯ ಹತ್ತಿರ ಅದಕ್ಕಿಂತ ದೊಡ್ಡ ಕಥೆ ಇರಬಹುದು ಎಂಬ ಸಂಶಯವಾದರೂ ಅವರಿಗೆ ಒಂದು ದಿನ ಬರಲಿಲ್ಲವಲ್ಲ ಎಂದು.

ಎರಡು ಸಾವಿರದ ಹತ್ತರಲ್ಲಿ ಆ ಆಗಸ್ಟಿಗೆ ಇಪ್ಪತ್ತು ವರ್ಷ ತುಂಬಿತು. ನಮ್ಮವರ ಸಂಘ 'ಕಡಲತಡಿ ಬಳಗ' ಸುಮ್ಮನಿರುವುದುಂಟೇ? ಕುವೈತಿನಲ್ಲಿ ನಾಲ್ಕು ಜನ ಕರಾವಳಿಯವರು ಸೇರಿದರೆ ಒಂದು ಸಂಘ, ಐದನೆಯವನು ಬಂದರೆ ಸನ್ಮಾನ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಕಟ್ಟು ಹಾಕಿದ ಸನ್ಮಾನಪತ್ರ. ಮೈಸೂರು ಪೇಟ ಬಳಗದಲ್ಲಿ ಇರುವುದು ಎರಡೇ. ಅವು ತಲೆಯಿಂದ ತಲೆಗೆ ದಾಟಿ ದಾಟಿ ಈಗ ಯಾರ ಎಣ್ಣೆ ಯಾರದೆಂದು ಹೇಳುವ ಹಾಗಿಲ್ಲ. ಹಣ್ಣಿನ ಬುಟ್ಟಿಯಲ್ಲಿ ಮೇಲೆ ಕಾಣುವ ಸೇಬು ಮಾತ್ರ ತಿನ್ನಲಿಕ್ಕೆ, ಕೆಳಗಿರುವುದು ವರ್ತಮಾನಪತ್ರಿಕೆ. ಇಷ್ಟೆಲ್ಲ ನನಗೆ ಹೇಗೆ ಗೊತ್ತೆಂದರೆ ಬಳಗದ ಜೊತೆ ಕಾರ್ಯದರ್ಶಿ ನನ್ನ ಗಂಡ. ಆ ಬುಟ್ಟಿ ಸುತ್ತುವ ಹೊಳೆಯುವ ಕಾಗದ ನಮ್ಮ ಮಂಚದ ಅಡಿಯಲ್ಲಿರುತ್ತದೆ.

ಬಳಗದ ಸಭೆ ನಮ್ಮ ಮನೆಯಲ್ಲೇ ಆಯಿತು. ಅಧ್ಯಕ್ಷರು ಮಥಾಯಸ್ ಬಾಬ್, ಕುವೈತಿನಲ್ಲೇ ಅಡಗಿ ಕೂತ ಮೇಲಿನ ಶ್ರೇಣಿಯವರು. ಅವರು ನಾನು ಕರಿದ ಗೋಳಿಬಜೆಯನ್ನು ಚಟ್ನಿಯಲ್ಲಿ ಮುಳುಗಿಸುತ್ತಾ ಸನ್ಮಾನಿತರ ಹೆಸರು ಓದಿದರು. ಕೊನೆಯ ಹೆಸರು ಯೂಜಿನ್. ಗಡಿ ದಾಟಿ ಬಂದ ಕುಟುಂಬಗಳ ಪರವಾಗಿ ಅವರಿಗೆ ಶಾಲು, ಎರಡು ಮಾತಾಡಲು ಅವಕಾಶ.

ನಾನು ಚಹಾ ಲೋಟಗಳ ತಟ್ಟೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟೆ. "ಯೂಜಿನ್ ಬಾಬ್ ಯಾವ ಗಡಿ ದಾಟಿದ್ದು ಮಾರ್ರೆ? ಅವರು ಆಫ್ರಿಕಾದಲ್ಲಿ ಇದ್ದದ್ದಲ್ವಾ? ದಾಟಿದ್ದು ಲಿಜ್ಜಿ ಬಾಯಿ."

"ಹಾಗಲ್ಲ ಆಶಾಲತಾ," ಎಂದರು ಮಥಾಯಸ್ ಬಾಬ್, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ. "ಬಳಗದ ಮೆಂಬರ್‌ಶಿಪ್ ಯಾರ ಹೆಸರಲ್ಲಿ ಉಂಟು? ಯೂಜಿನ್ ಹೆಸರಲ್ಲಿ. ಸನ್ಮಾನ ಮೆಂಬರಿಗೆ. ಕುಟುಂಬ ಕಷ್ಟ ಪಟ್ರೆ ಕುಟುಂಬದ ಯಜಮಾನ ಕಷ್ಟ ಪಟ್ಟ ಹಾಗೇ ಅಲ್ವಾ?"

"ಯಜಮಾನರು ಮೀನು ತಿಂತಾ ಇದ್ರು."

"ಆಫ್ರಿಕಾದಲ್ಲಿ ಇರುದು ಸುಲಭ ಅಂತ ಮಾಡಿದ್ದೀಯಾ?" ಎಂದರು ಅವರು. ನನ್ನ ಗಂಡ ನನ್ನ ಕಡೆ ನೋಡದೆ ಗೋಳಿಬಜೆ ಎಣಿಸುತ್ತಿದ್ದರು. ಎಲ್ಲರೂ ಹೋದ ಮೇಲೆ "ನೀನು ಸುಮ್ನೆ ಎಂತಕ್ಕೆ? ಸನ್ಮಾನಪತ್ರ ಪ್ರಿಂಟಿಗೆ ಹೋಗಿ ಆಯ್ತು" ಎಂದರು. ನಮ್ಮಲ್ಲಿ ಪ್ರಿಂಟಿಗೆ ಹೋದದ್ದನ್ನು ಬದಲಿಸುವುದಕ್ಕಿಂತ ಇತಿಹಾಸವನ್ನು ಬದಲಿಸುವುದು ಸುಲಭ.

ನಾನು ಮರುದಿನವೇ ಎದುರು ಮನೆಗೆ ಹೋದೆ. ಲಿಜ್ಜಿ ಬಾಯಿ ಗಂಡನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದರು. ಆಮಂತ್ರಣಪತ್ರ ಮೇಜಿನ ಮೇಲಿತ್ತು. 'ಶ್ರೀ ಯೂಜಿನ್ ಮತ್ತು ಕುಟುಂಬ' ಎಂದು ಅಚ್ಚಾಗಿತ್ತು. ಲಿಜ್ಜಿ ಬಾಯಿ ಆ 'ಮತ್ತು ಕುಟುಂಬ'.

"ನೀವು ಒಂದು ಮಾತು ಹೇಳಿ ಬಾಯಿ, ನಾನು ಇನ್ನೊಂದು ಸಲ ಮಥಾಯಸ್ ಬಾಬ್ ಹತ್ರ ಜಗಳ ಮಾಡ್ತೇನೆ," ಎಂದೆ.

"ಬಿಡು ಮಾರಾಯ್ತಿ. ಶಾಲು ಹೊದ್ದು ನಾನು ಎಂತ ಮಾಡ್ಲಿಕ್ಕುಂಟು?" ಇಸ್ತ್ರಿ ಪೆಟ್ಟಿಗೆ ಅದೇ ಜಾಗದ ಮೇಲೆ ಮತ್ತೆ ಮತ್ತೆ ಹೋಗಿ ಬರುತ್ತಿತ್ತು. ಆಮೇಲೆ ತಲೆ ಎತ್ತದೆ ಹೇಳಿದರು: "ಶಾಲು ಬೇಡ. ಆದ್ರೆ ಯಾರಾದ್ರೂ ಒಮ್ಮೆ ಕೇಳ್ಬೇಕಿತ್ತು ಆಶಾ. ಇಪ್ಪತ್ತು ವರ್ಷ ಆಯ್ತು. ಇವರೂ ಕೇಳ್ಲಿಲ್ಲ. ನಾನು ಸತ್ರೆ ಅದು ನನ್ನೊಟ್ಟಿಗೇ ಹೋಗ್ತದೆ."

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಯೂಜಿನ್ ಬಾಬ್ ಬನಿಯನಿನಲ್ಲೇ ಬಂದರು, ಕೈಯಲ್ಲಿ ಪೆನ್ನು. "ಲಿಜ್ಜಿ, ಆ ಕ್ಯಾಂಪಿನದ್ದು ಒಂದೆರಡು ಪಾಯಿಂಟ್ ಕೊಡು ಮಾರಾಯ್ತಿ. ಭಾಷಣದಲ್ಲಿ ಹಾಕುವಾ. ಬೋರ್ ಆಗದ ಹಾಗೆ, ಚಿಕ್ಕದು."

"ತುಂಬಾ ಬಿಸಿಲಿತ್ತು," ಎಂದರು ಲಿಜ್ಜಿ ಬಾಯಿ.

"ಬಿಸಿಲು," ಎಂದು ಅವರು ಬರೆದುಕೊಂಡರು. "ಮತ್ತೆ?"

"ಅಷ್ಟೇ."

"ಅದಕ್ಕೇ ಹೇಳುದು, ಹೆಂಗಸರಿಗೆ ಸರಿಯಾಗಿ ಹೇಳ್ಲಿಕ್ಕೆ ಬರುದಿಲ್ಲ," ಎಂದು ನನ್ನತ್ತ ನಕ್ಕು ಒಳಗೆ ಹೋದರು. ಇಸ್ತ್ರಿ ಪೆಟ್ಟಿಗೆ ನನ್ನ ಕೈಯಲ್ಲಿ ಇರಲಿಲ್ಲ, ಅದು ಅವರ ಪುಣ್ಯ.

ಅಕ್ಟೋಬರಿನ ಒಂದು ಶುಕ್ರವಾರ ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪುಟ್ಟ ಮಕ್ಕಳ ನೃತ್ಯ, ನಡುವಲ್ಲಿ ಹೆಜ್ಜೆ ಮರೆತ ಒಂದು ಮಗುವಿನ ಅಳು, ಅಧ್ಯಕ್ಷರ ಮಾತು, ಅಧ್ಯಕ್ಷರ ಮಾತಿನ ಬಗ್ಗೆ ನಿರೂಪಕಿಯ ಮಾತು. ಹಿಂದಿನ ಸಾಲಿನವರಿಗೆ ಬಿರಿಯಾನಿಯ ವಾಸನೆ ಬರಲು ಶುರುವಾದ ಮೇಲೆ ಸನ್ಮಾನ. ಯೂಜಿನ್ ಬಾಬ್ ನೇವಿ ಬಣ್ಣದ ಕೋಟಿನ ಮೇಲೆ ಜರಿ ಶಾಲು ಹೊದ್ದು, ತಲೆಗೆ ಸ್ವಲ್ಪ ಸಣ್ಣದಾದ ಪೇಟ ಏರಿಸಿಕೊಂಡು, ಬುಟ್ಟಿ ಹಿಡಿದು ಫೋಟೋಕ್ಕೆ ನಿಂತರು. ಲಿಜ್ಜಿ ಬಾಯಿ ಎರಡನೆಯ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು. ಮಂಗಫ್‌ನಲ್ಲಿ ತೈಲ ಕಂಪೆನಿಗೆ ಸೇರಿದ್ದ ರಾನ್ಸನ್‌ಗೆ ಡ್ಯೂಟಿ ಇತ್ತು, ಬಂದಿರಲಿಲ್ಲ. ಶರ್ಲಿನ್ ಫೋನಿನಲ್ಲಿ ಅಪ್ಪನ ಫೋಟೋ ತೆಗೆಯುತ್ತಿದ್ದಳು.

ಯೂಜಿನ್ ಬಾಬ್ ಮೈಕ್ ಹಿಡಿದರು. "ಜೋರ್ಡಾನಿನ ಗಡಿಯಲ್ಲಿ ತುಂಬಾ ಬಿಸಿಲಿತ್ತು," ಎಂದರು. ಅಲ್ಲಿಗೆ ಜೋರ್ಡಾನ್ ಮುಗಿಯಿತು. "ಆದ್ರೆ ಕೋಸ್ತಿಯ ಬಿಸಿಲು ಬೇರೆ," ಎಂದರು. ಸಭೆ ಆಗಲೇ ನಗಲು ಸಿದ್ಧವಾಯಿತು. ಮೀನು ಬಂತು. ನೀರಾನೆ ಬಂತು. ಚಪ್ಪಾಳೆಯಿಂದ ಹುರುಪು ಬಂದು, ನಾನೂ ಅಲ್ಲಿಯ ತನಕ ಕೇಳದ ಒಂದು ಕಥೆಗೆ ಕೈ ಹಾಕಿದರು. ವೇದಿಕೆಗೆಂದೇ ಎತ್ತಿಟ್ಟಿದ್ದರೋ ಏನೋ.

"ಒಂದು ದಿನ ದಕ್ಷಿಣದಿಂದ ಬಾರ್ಜು ಬಂತು ನೋಡಿ. ಅಲ್ಲೆಲ್ಲ ಅವರವರದೇ ಯುದ್ಧ. ಬಾರ್ಜಲ್ಲಿ ನಮ್ಮ ಎಳ್ಳು ಉಂಟು, ಎಳ್ಳಿನ ಮೇಲೆ ಜನ. ಚಾಪೆ, ಪಾತ್ರೆ, ಕೋಳಿ, ಮಕ್ಕಳು, ಎಲ್ಲ ಒಟ್ಟಿಗೆ. ಜೆಟ್ಟಿಯಲ್ಲಿ ಒಬ್ಬ ಗುಮಾಸ್ತ. ಅವನ ರೂಲ್ಸ್ ಎಂತ ಅಂದ್ರೆ, ಗಂಡಸು ಜೊತೆಗಿದ್ದ ಸಂಸಾರ ಮಾತ್ರ ಇಳೀಬಹುದು. ಒಂಟಿ ಹೆಂಗಸರು ಬಾರ್ಜಲ್ಲೇ. ನಾನು ಮೂಟೆ ಯಾವಾಗ ಇಳಿಸ್ತಾರೆ ಅಂತ ಕಾಫಿ ಕುಡೀತಾ ನಿಂತಿದ್ದೆ. ಆಗ ಒಬ್ಬಳು, ಇಷ್ಟೆತ್ತರ, ಕಂಕುಳಲ್ಲಿ ಒಂದು ಮಗು, ಹಲಗೆ ಮೇಲಿಂದ ಓಡಿ ಬಂದವಳೇ ಗಟ್ಟಿ ನನ್ನ ಕೈ ಹಿಡ್ಕೊಂಡ್ಳು! ಗುಮಾಸ್ತನಿಗೆ ಹೇಳ್ತಾಳೆ, ಇವನೇ ನನ್ನ ಗಂಡ ಅಂತ!"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮಥಾಯಸ್ ಬಾಬ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನ ಗಂಡನಂತೂ ತೊಡೆ ತಟ್ಟಿ ನಗುತ್ತಿದ್ದರು.

"ನಾನು ಬಿಟ್ಟೇನಾ? ಕೈ ಕೊಡವಿ ಹೇಳಿದೆ, ಅಮ್ಮಾ, ನಂಗೆ ಕುವೈತಲ್ಲಿ ಒಬ್ಬಳು ಉಂಟು, ಅವಳೇ ಸಾಕಾಗಿ ಹೋಗಿದೆ, ಖಲಾಸ್!"

ಆ ನಗುವಿನ ನಡುವೆ ನನ್ನ ಪಕ್ಕದ ಕುರ್ಚಿ ಸರಿದ ಸದ್ದು ಕೇಳಿತು. ಲಿಜ್ಜಿ ಬಾಯಿ ಎದ್ದು ನಿಂತಿದ್ದರು.

"ಅದು ಯಾವಾಗ ಆದದ್ದು?" ಎಂದು ಕೇಳಿದರು. ದೊಡ್ಡ ದನಿಯೇನಲ್ಲ. ಆದರೆ ಅವರು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲವಾಗಿ ಎಲ್ಲರೂ ತಿರುಗಿದರು.

ಯೂಜಿನ್ ಬಾಬ್‌ಗೆ ಖುಷಿಯೇ ಆಯಿತು, ಹೆಂಡತಿಯೂ ಆಟಕ್ಕೆ ಸೇರಿದಳೆಂದು. "ತೊಂಬತ್ತರಲ್ಲಿ, ಸೆಪ್ಟೆಂಬರಲ್ಲಿ. ಮೊಂತಿ ಫೆಸ್ತಿನ ಆಸುಪಾಸು. ಹೊಸ ಅಕ್ಕಿ ಊಟ ಇಲ್ಲದೆ ಹಬ್ಬ ಹೋಯ್ತು ಅಂತ ಬೇಜಾರಲ್ಲಿದ್ದೆ, ನೆನಪುಂಟು."

"ಮತ್ತೆ ಅವಳು ಎಂತ ಆದ್ಳು?"

"ಯಾರು?"

"ಆ ಹೆಂಗಸು."

"ನಂಗೆ ಹೇಗೆ ಗೊತ್ತು ಮಾರಾಯ್ತಿ? ವಾಪಸು ಬಾರ್ಜಿಗೆ ಹತ್ತಿಸಿದ್ರು. ನಮ್ಮ ಮೂಟೆ ಇಳೀತು, ನಾನು ಬಂದೆ." ಅವರು ಸಭೆಯತ್ತ ನೋಡಿ ಇನ್ನೊಮ್ಮೆ ನಕ್ಕರು. ಈ ಸಲ ನಕ್ಕವರು ಸ್ವಲ್ಪ ಕಡಿಮೆ.

ಲಿಜ್ಜಿ ಬಾಯಿ ವೇದಿಕೆಯ ಮೆಟ್ಟಿಲು ಹತ್ತಿ ಹೋಗಿ ಗಂಡನ ಕೈಯಿಂದ ಮೈಕ್ ತೆಗೆದುಕೊಂಡರು. ಕಿತ್ತುಕೊಂಡರು ಎಂದು ಆಮೇಲೆ ಕೆಲವರು ಹೇಳಿದರು. ಅದು ಸುಳ್ಳು. ಎಕ್ಸ್-ರೇ ಕೋಣೆಯಲ್ಲಿ ರೋಗಿಯ ಕೊರಳ ಸರ ತೆಗೆಯುವಷ್ಟೇ ಮೆತ್ತಗೆ ತೆಗೆದುಕೊಂಡರು.

"ಅದೇ ಮೊಂತಿ ಫೆಸ್ತಿನ ವಾರ ನಾನು ಗಡಿಯಲ್ಲಿದ್ದೆ," ಎಂದರು. "ಅಲ್ಲೂ ಒಬ್ಬ ನಿಂತಿದ್ದ. ಬೇರೆಯವ ಅಲ್ಲ, ನಮ್ಮ ಊರಿನ ಕಡೆಯವನೇ. ಕುಟುಂಬದ ಯಜಮಾನನ ಹೆಸರು ಹೇಳಿ, ಆಮೇಲೆ ನೀರು, ಆಮೇಲೆ ಡೇರೆ, ಅಂತ. ನನ್ನ ಗಂಡ ಆಫ್ರಿಕಾದಲ್ಲಿದ್ದಾರೆ ಅಂದೆ. ಹಾಗಾದ್ರೆ ಆಫ್ರಿಕಾಕ್ಕೆ ಹೋಗಿ ನೀರು ಕೇಳಿ ಅಂದ. ಸುತ್ತ ಇದ್ದವರು ನಕ್ರು. ಈಗ ನೀವೆಲ್ಲ ನಕ್ಕ ಹಾಗೇ."

ಲಿಜ್ಜಿ ಬಾಯಿ ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

"ರಾನ್ಸನ್‌ಗೆ ಜ್ವರ. ತುಟಿ ಒಡೆದು ರಕ್ತ ಬರ್ತಾ ಇತ್ತು. ನನ್ನ ಹಿಂದೆ ನಮ್ಮ ಕಡೆಯ ಒಬ್ಬ ಮುಸ್ಲಿಂ, ಬ್ಯಾರಿ ಮನುಷ್ಯ ನಿಂತಿದ್ದ, ಮಮ್ಮಾಲಿ ಅಂತ. ಹೆಸರು ನಂಗೆ ಆಮೇಲೆ ಗೊತ್ತಾದದ್ದು. ಮುಖವೂ ಸರಿ ನೋಡಿರಲಿಲ್ಲ. ನಾನು ಅವನ ಕೈ ಹಿಡ್ಕೊಂಡು ಹೇಳಿದೆ, ಇವನೇ ನನ್ನ ಗಂಡ." ಲಿಜ್ಜಿ ಬಾಯಿ ಗಂಡನ ಮುಖ ನೋಡಿದರು. "ಅವನು ಕೈ ಕೊಡವಲಿಲ್ಲ. ಹೌದು, ಇದು ನನ್ನ ಹೆಂಡತಿ, ಇದು ನನ್ನ ಮಗ ಅಂದ. ವಿಮಾನ ಹತ್ತುವ ತನಕ ನಾನು ಮಮ್ಮಾಲಿಯ ಹೆಂಡತಿ. ನೀರಿಗೆ ಅವನೇ ಸಾಲು ನಿಲ್ತಿದ್ದ. ರಾತ್ರಿ ನಾನೂ ಮಗುವೂ ಡೇರೆಯ ಒಳಗೆ, ಅವನು ಹೊರಗೆ ಮಣ್ಣಲ್ಲಿ. ಬೊಂಬಾಯಿಯಲ್ಲಿ ಇಳಿದ ಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು, ಬರ್ತೇನೆ ಬಾಯಮ್ಮ ಅಂತ ಹೋದ."

ಮತ್ತೆ ಮಥಾಯಸ್ ಬಾಬ್ ಕಡೆ ತಿರುಗಿದರು. "ಬಳಗದ ರೂಲ್ಸ್ ಪ್ರಕಾರ ಶಾಲು ಗಂಡನಿಗಲ್ವಾ? ಹಾಗಾದ್ರೆ ಇದು ತಪ್ಪು ಮನುಷ್ಯನ ಮೇಲೆ ಉಂಟು. ದೇವ್ ಬರೆಂ ಕರುಂ, ದೇವರು ಒಳ್ಳೇದು ಮಾಡ್ಲಿ."

ಮೈಕನ್ನು ಗಂಡನ ಕೈಗೆ ವಾಪಸು ಕೊಟ್ಟು ಕೆಳಗಿಳಿದು ಬಂದರು. ಯೂಜಿನ್ ಬಾಬ್ ಅದನ್ನು ಹಿಡಿದು ನಿಂತೇ ಇದ್ದರು. ಮೈಕ್ ಕೈಯಲ್ಲಿದ್ದೂ ಅವರು ಮಾತಾಡದೆ ನಿಂತದ್ದನ್ನು ನಾನು ಅಂದು ಮೊದಲ ಬಾರಿಗೆ ಕಂಡೆ. "ಮಮ್ಮಾ, ಯು ನೆವರ್ ಟೋಲ್ಡ್ ಅಸ್," ಎಂದು ಶರ್ಲಿನ್ ಅಳಲು ಶುರು ಮಾಡಿದಳು. ನಾನು ಲಿಜ್ಜಿ ಬಾಯಿಯ ಕೈ ಹಿಡಿದುಕೊಂಡೆ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಬಳಗದ ನಿಯಮಾವಳಿಯಲ್ಲಿ ಇರಲಿಲ್ಲ. ಮಥಾಯಸ್ ಬಾಬ್ ಎದ್ದು, ಊಟ ತಯಾರಾಗಿದೆ, ಮಕ್ಕಳಿರುವವರು ಮೊದಲು ಹೋಗಬೇಕು ಎಂದು ಪ್ರಕಟಿಸಿದರು. ಇನ್ನೂರು ಜನರಿಗೆ ಒಮ್ಮೆಲೇ ಹಸಿವಾಯಿತು. ಬಿರಿಯಾನಿ ಸಾಲಿನಲ್ಲಿ ಒಬ್ಬರು, ಹೇಗೂ ಇರಲಿ ಬ್ಯಾರಿಯ ಹೆಂಡತಿ ಅಂತ ಸ್ಟೇಜಲ್ಲಿ ಹೇಳ್ಬಾರ್ದಿತ್ತು ಎಂದರು. ನಾನು ಅವರ ತಟ್ಟೆಗೆ ಸಾರು ಹಾಕುವಾಗ ನನ್ನ ಕೈ ಸ್ವಲ್ಪ ತಪ್ಪಿತು, ಅಂಗಿ ಬಿಳಿಯದಾಗಿತ್ತು. ಮರುವಾರ ಬಳಗದ ವರದಿಯಲ್ಲಿ 'ಶ್ರೀ ಯೂಜಿನ್ ಅವರು ತಮ್ಮ ಹಾಸ್ಯಭರಿತ ಮಾತುಗಳಿಂದ ಸಭಿಕರನ್ನು ರಂಜಿಸಿದರು' ಎಂದು ಬಂತು. ಪಕ್ಕದಲ್ಲಿ ಪೇಟದ ಫೋಟೋ.

ಎದುರು ಮನೆಯಲ್ಲಿ ಮಾತೇ ಇರಲಿಲ್ಲ. ಜಗಳವೂ ಇರಲಿಲ್ಲ. ನನಗೆ ಅದೇ ಹೆದರಿಕೆ. ಕಾರ್ಯಕ್ರಮ ಮುಗಿದು ನಾಲ್ಕು ದಿನ ಬಿಟ್ಟು ಯೂಜಿನ್ ಬಾಬ್ ನಮ್ಮ ಬಾಗಿಲು ತಟ್ಟಿದರು. ನನ್ನ ಗಂಡನ ಹತ್ತಿರ, ಶುಕ್ರವಾರ ಕಾರು ಉಂಟಾ ಎಂದು ಕೇಳಿದರು. ವಫ್ರಾಕ್ಕೆ ಹೋಗಬೇಕಂತೆ.

"ವಫ್ರಾಕ್ಕಾ? ಅಲ್ಲಿ ಎಂತ ಉಂಟು ಮಾರ್ರೆ, ಟೊಮೆಟೊ ಬಿಟ್ರೆ?" ಎಂದರು ತನಿಯಪ್ಪ.

"ಲಿಜ್ಜಿಯ ಗಂಡ ಇದ್ದಾನೆ," ಎಂದರು ಯೂಜಿನ್ ಬಾಬ್. ಹಾಸ್ಯ ಮಾಡಿದರೋ ಏನೋ ಎಂದು ನಾವು ಮುಖ ನೋಡಿದೆವು. ಮಾಡಿರಲಿಲ್ಲ.

ಮಮ್ಮಾಲಿ ಯುದ್ಧ ಮುಗಿದ ಮೇಲೆ ಕುವೈತಿಗೇ ವಾಪಸು ಬಂದು, ದಕ್ಷಿಣದ ವಫ್ರಾದ ಒಂದು ತೋಟದಲ್ಲಿ ಹಸಿರುಮನೆಗಳ ಕೆಲಸಕ್ಕೆ ಸೇರಿದ್ದನಂತೆ. ಕೆಲವು ವರ್ಷಗಳ ಹಿಂದೆ ಕೈ ಮುರಿದುಕೊಂಡು ಲಿಜ್ಜಿ ಬಾಯಿಯ ಆಸ್ಪತ್ರೆಗೆ ಎಕ್ಸ್-ರೇಗೆ ಬಂದಾಗ ಇಬ್ಬರಿಗೂ ಗುರುತು ಸಿಕ್ಕಿತ್ತು. ಈ ನಾಲ್ಕು ದಿನಗಳಲ್ಲಿ ಯೂಜಿನ್ ಬಾಬ್ ಹೆಂಡತಿಯಲ್ಲಿ ಕೇಳಿದ್ದು ಇದೊಂದೇ ಪ್ರಶ್ನೆ, ಅವನು ಈಗ ಎಲ್ಲಿದ್ದಾನೆ ಎಂದು.

ಶುಕ್ರವಾರ ನಾಲ್ವರೂ ಹೊರಟೆವು, ಹಿಂದಿನ ಸೀಟಿನಲ್ಲಿ ನಾನೂ ಲಿಜ್ಜಿ ಬಾಯಿಯೂ. ದಾರಿಯುದ್ದಕ್ಕೂ ಯೂಜಿನ್ ಬಾಬ್ ಮುಂದಿನ ಸೀಟಿನಲ್ಲಿ ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಲ ಮೇಲಿಟ್ಟುಕೊಂಡು ಕೂತಿದ್ದರು. ತನಿಯಪ್ಪ ಮಾತು ತೆಗೆಯಲು ಕೋಸ್ತಿಯ ರಸ್ತೆ ಹೇಗೆ ಎಂದು ತಾವಾಗಿಯೇ ಕೇಳಿದರು. ಉತ್ತರ ಬರಲಿಲ್ಲ. ಇಷ್ಟು ವರ್ಷ ಆ ಮನುಷ್ಯ ಒಮ್ಮೆ ಬಾಯಿ ಮುಚ್ಚಲಿ ಎಂದು ಹರಕೆ ಹೊರುವುದೊಂದು ಬಾಕಿ ಇದ್ದ ನನಗೆ, ಆ ಮೌನ ಸಹಿಸಲಾಗದೆ ಕಾರಿನ ರೇಡಿಯೋ ಹಾಕಿಸಬೇಕಾಯಿತು.

ಮಮ್ಮಾಲಿ ಹಸಿರುಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ. ಸಣಕಲು ಮನುಷ್ಯ, ಗಡ್ಡ ಪೂರ್ತಿ ಬಿಳಿ, ತಲೆಗೆ ಕಟ್ಟಿದ ಟವೆಲ್. ಲಿಜ್ಜಿ ಬಾಯಿಯನ್ನು ನೋಡಿ ಬಾಯ್ತುಂಬ ನಕ್ಕು, "ಮಗ ಹೇಗಿದ್ದಾನೆ ಬಾಯಮ್ಮ?" ಎಂದು ಮೊದಲು ಕೇಳಿದ್ದು ಅದನ್ನೇ. ನಮ್ಮನ್ನು ತನ್ನ ಕೋಣೆಯ ಎದುರು, ತಗಡಿನ ನೆರಳಿನಲ್ಲಿ ಕೂರಿಸಿ, ಸೌತೆಕಾಯಿ ಕೊಯ್ದು ಉಪ್ಪು ಹಾಕಿ ಕೊಟ್ಟ. ಶಾಲನ್ನು ಯೂಜಿನ್ ಬಾಬ್ ಚೀಲದಿಂದ ತೆಗೆದು ಹೊದಿಸಲು ಹೋದಾಗ ನಾಚಿ ಹಿಂದೆ ಸರಿದ.

"ಈ ಸೆಕೆಗೆ ಶಾಲು ಎಂತಕ್ಕೆ ಪೊರ್ಬುಗಳೇ? ಬಾಯಮ್ಮನಿಗೇ ಇರ್ಲಿ," ಎಂದ, ಊರಿನಲ್ಲಿ ಕ್ರೈಸ್ತರನ್ನು ಗೌರವದಿಂದ ಕರೆಯುವ ಹಾಗೆ.

ಯೂಜಿನ್ ಬಾಬ್ ಶಾಲು ಹಿಡಿದುಕೊಂಡೇ ಮರದ ಪೆಟ್ಟಿಗೆಯೊಂದರ ಮೇಲೆ ಕೂತರು. ಮಮ್ಮಾಲಿಯನ್ನು ಕೇಳಿದರು.

"ಅವತ್ತು ನೀನು ಯಾಕೆ ಕೈ ಕೊಡವಲಿಲ್ಲ?"

ಮಮ್ಮಾಲಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇದರಲ್ಲಿ ಏನೋ ಕೊಕ್ಕೆ ಇದೆಯೇನೋ ಎಂದು ಲಿಜ್ಜಿ ಬಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ.

"ಎಂತ ಕೇಳ್ತೀರಿ ನೀವು? ಕಂಕುಳಲ್ಲಿ ಮಗು ಇತ್ತಲ್ಲ."

ಯೂಜಿನ್ ಬಾಬ್ ತಲೆ ಅಲ್ಲಾಡಿಸಿದರು. ಎದುರಿನ ಸಾಲು ಸಾಲು ಹಸಿರುಮನೆಗಳನ್ನು ನೋಡುತ್ತಾ, ನಮಗ್ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಅವಳ ಕಂಕುಳಲ್ಲೂ ಇತ್ತು."

ಯಾರ ವಿಷಯವೆಂದು ಮಮ್ಮಾಲಿಗೆ ತಿಳಿಯಲಿಲ್ಲ, ಅವನು ಇನ್ನೊಂದು ಸೌತೆಕಾಯಿ ತೆಗೆದುಕೊಂಡ. ಲಿಜ್ಜಿ ಬಾಯಿ ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಗಂಡನ ಪಕ್ಕದಲ್ಲಿ ಕೂತರು.